ಫ್ರೀಜರ್‌ನಲ್ಲಿ ಎಡಮಾಮೆ, ಮನೆಯಲ್ಲಿ ಥೈರಾಯ್ಡ್: ತಿನ್ನೋದಾ, ಬಿಡೋದಾ?

ಗಂಗಾವತಿ ಅಕ್ಕ

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ಗದ್ದಲ ದೊಡ್ಡದಾಗಿದೆ.

ಎಳ್ಳ ಅಮವಾಸ್ಯೆಗೆ ಮಗ ಬೆಂಗಳೂರಿನಿಂದ ಬಂದಿದ್ದ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿಸಿ ಎರಡು ಪ್ಯಾಕೆಟ್ ತಂದ. ಹೆಸರು ಎಡಮಾಮೆ. ಒಂದೊಂದು 400 ಗ್ರಾಂ, ಒಂದಕ್ಕೆ 340 ರೂಪಾಯಿ. "ಮಮ್ಮಿ, ಇದು ಹಸಿ ಸೋಯಾಬೀನ್, ಭಾರಿ ಪ್ರೋಟೀನ್" ಎಂದು ಫ್ರೀಜರ್‌ಗೆ ತುರುಕಿ, ಹೊಲದಲ್ಲಿ ಚರಗ ಚೆಲ್ಲಿ, ಹೋಳಿಗೆ ತಿಂದು ವಾಪಸ್ ಹೋದ. ಮಾಡುವುದು ಹೇಗೆ ಅಂತ ಹೇಳಲಿಲ್ಲ. ಫೋನ್ ಮಾಡಿದರೆ ಮೀಟಿಂಗ್ ಅನ್ನುತ್ತಾನೆ.

ಮೊದಲನೇ ಪ್ಯಾಕೆಟ್ ನಾನೇ ಹಾಳು ಮಾಡಿದೆ. ನೋಡಲು ಕಾಯಿ ತಾನೇ? ಚವಳಿಕಾಯಿ ಹೆಚ್ಚುವ ಹಾಗೆ ಹೆಚ್ಚಿ, ಒಗ್ಗರಣೆ ಕೊಟ್ಟು, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದೆ. ಅರ್ಧ ಗಂಟೆ ಬೇಯಿಸಿದರೂ ಮೆತ್ತಗಾಗಲಿಲ್ಲ. ಸಿಟ್ಟು ಬಂದು ಕುಕ್ಕರ್‌ಗೆ ಹಾಕಿ ನಾಲ್ಕು ಸೀಟಿ ಹೊಡೆಸಿದೆ. ಒಳಗಿನ ಕಾಳು ಹಿಟ್ಟಾಯಿತು, ಸಿಪ್ಪೆ ಮಾತ್ರ ಹಾಗೇ ಉಳಿಯಿತು. ಅತ್ತೆ ರೊಟ್ಟಿ ಜೊತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಆಮೇಲೆ ತಾಟಿನ ಬದಿಗೆ ಉಗುಳಿ, "ಎತ್ತಿಗೆ ಹಾಕೋದು ನನಗ ಹಾಕೀಯಲ್ಲವ್ವ" ಅಂದರು. ಪಲ್ಯ ಕೊನೆಗೆ ಪಕ್ಕದ ಮನೆ ಎಮ್ಮೆಗೆ ಹೋಯಿತು.

ಈಗ ಎರಡನೇ ಪ್ಯಾಕೆಟ್ ಉಳಿದಿದೆ. ಅದನ್ನು ಮುಟ್ಟುವ ಮೊದಲು ಕೇಳೋಣ ಅಂತ ಬರೆಯುತ್ತಿದ್ದೇನೆ. ಯಾಕೆಂದರೆ ನನಗೆ ಥೈರಾಯ್ಡ್ ಇದೆ, ಎಂಟು ವರ್ಷದಿಂದ 75 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ ನುಂಗುತ್ತೇನೆ. ಹಿಂದೆ ಒಬ್ಬ ಡಾಕ್ಟರು "ಸೋಯಾ ಮುಟ್ಟಬೇಡಿ" ಎಂದು ಒಂದೇ ಮಾತು ಹೇಳಿ ಮುಂದಿನ ಪೇಷಂಟ್ ಕರೆದರು. ಯಾಕೆ ಅಂತ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗಿದ್ದೆ. ನಮ್ಮ ಮನೆಯವರು ಬೇರೆ ಒಂದು ಸುದ್ದಿ ತಂದಿದ್ದಾರೆ: ಸೋಯಾ ತಿಂದರೆ ಗಂಡಸರಿಗೆ ಎದೆ ಬೆಳೆಯುತ್ತದಂತೆ, ಮಕ್ಕಳಾಗುವುದಿಲ್ಲವಂತೆ. ಮಗನಿಗೆ ಇನ್ನೂ ಮದುವೆ ಆಗಬೇಕು, ಅದಕ್ಕೇ ಅವರಿಗೆ ಚಿಂತೆ. ನಾದಿನಿಗೆ ಮೂರು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಪರೇಶನ್ ಆಗಿದೆ. ಅವಳು ಈ ವಾರ ಬರುತ್ತಾಳೆ. ಅವಳ ಮುಂದೆ ಇದನ್ನು ಇಡಬಹುದಾ? ಅತ್ತೆ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತಾರೆ, ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಗೊತ್ತಿದ್ದವರು ಹೇಳಿ. ಸುಮ್ನೆ "ಒಳ್ಳೆಯದು", "ಕೆಟ್ಟದ್ದು" ಅಂತ ಬೇಡ, ಯಾಕೆ ಅಂತಲೂ ಹೇಳಿ.

ಸಿಂಧನೂರು ಹುಡುಗ

ಅಕ್ಕಾರೆ, 340 ರೂಪಾಯಿಗೆ ನಮ್ಮ ಕಡೆ ಮನೆ ಮಂದಿಯೆಲ್ಲ ಹೊಟ್ಟೆ ತುಂಬಾ ಒಗ್ಗರಣೆ ಮಿರ್ಚಿ ತಿಂದು, ಮೇಲೆ ಚಹಾ ಕುಡಿದು ಬರಬಹುದು. ಎಮ್ಮೆ ಪುಣ್ಯವಂತೆ ಬಿಡಿ. ಹಾಲು ಜಾಸ್ತಿ ಕೊಟ್ಟಿತಾ ಹೇಳಿ, ನಾನೂ ತರಿಸುತ್ತೇನೆ.

ತೋರಣಗಲ್ಲು ಟಿಫಿನ್ ಡಬ್ಬಿ

ಅಕ್ಕಾ, ನಿಮ್ಮ ಅತ್ತೆ ಮಾತು ಓದಿ ನಗು ತಡೆಯಲಾಗಲಿಲ್ಲ. ನಾನೂ ಮೊದಲ ಸಲ ಸಿಪ್ಪೆ ಸಮೇತ ಅಗಿದವಳೇ. ಅದೂ ಜಪಾನಿನಲ್ಲಿ, ಹತ್ತು ಜನರ ಎದುರಿಗೆ.

ನಮ್ಮ ಮನೆಯವರು ಸ್ಟೀಲ್ ಕೆಲಸದವರು. ಎರಡು ವರ್ಷ ಹಿರೋಶಿಮಾ ಪ್ರಾಂತ್ಯದ ಫುಕುಯಾಮಾದಲ್ಲಿ ಇದ್ದೆವು. ನಾವು ಸಸ್ಯಾಹಾರಿಗಳು. ಅಲ್ಲಿ ಸಾರು, ಪಲ್ಯ, ಕೊನೆಗೆ ಬೇಯಿಸಿದ ಪಾಲಕ್‌ಗೂ ಮೀನಿನಿಂದ ಮಾಡಿದ ದಾಶಿ ಎಂಬ ತಿಳಿಸಾರು ಬಿದ್ದಿರುತ್ತದೆ. ಆಫೀಸಿನವರು ಊಟಕ್ಕೆ ಕರೆದಾಗ ನಾನು ಧೈರ್ಯವಾಗಿ ಕೈ ಹಾಕುತ್ತಿದ್ದದ್ದು ಒಂದೇ ಬಟ್ಟಲಿಗೆ, ಈ ಎಡಮಾಮೆಗೆ. ಉಪ್ಪು ನೀರಲ್ಲಿ ಕುದಿಸಿದ ಕಾಯಿ, ಬೇರೆ ಏನೂ ಇಲ್ಲ. ಅವರು ಬಿಯರ್ ಜೊತೆ ತಿನ್ನುತ್ತಾರೆ, ನಾನು ನೀರು ಕುಡಿದು ತಿನ್ನುತ್ತಿದ್ದೆ. ಎಡ ಅಂದರೆ ಅವರ ಭಾಷೆಯಲ್ಲಿ ಕೊಂಬೆ, ಮಾಮೆ ಅಂದರೆ ಕಾಳು. ಬೇಸಿಗೆಯಲ್ಲಿ ಅಂಗಡಿಗೆ ಕೊಂಬೆ ಸಮೇತವೇ ಬರುತ್ತದೆ. ನಮ್ಮಲ್ಲಿ ಹಸಿ ಕಡಲೆ ಗಿಡವನ್ನು ಕಟ್ಟು ಕಟ್ಟಿ ಮಾರುತ್ತಾರಲ್ಲ, ಥೇಟ್ ಹಾಗೆ.

ನಿಮಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಇದನ್ನು ಚವಳಿಕಾಯಿ ಅಂದುಕೊಳ್ಳಬೇಡಿ, ತೊಗರಿಕಾಯಿ ಅಂದುಕೊಳ್ಳಿ. ಈಗ ಸೀಸನ್ ಅಲ್ವಾ? ಹೊಲದಿಂದ ತೊಗರಿಕಾಯಿ ತಂದು ಬೋಗುಣಿಯಲ್ಲಿ ಉಪ್ಪು ಹಾಕಿ ಕುದಿಸಿ, ಕಟ್ಟೆ ಮೇಲೆ ಕುಳಿತು, ಕಾಯಿಯನ್ನು ಹಲ್ಲಿಗೆ ಕೊಟ್ಟು ಎಳೆದು, ಕಾಳು ತಿಂದು ಸಿಪ್ಪೆ ಎಸೆಯುತ್ತೇವೆ. ಎಡಮಾಮೆ ತಿನ್ನುವುದೂ ಅಷ್ಟೇ. ಸಿಪ್ಪೆಯ ಮೇಲಿನ ಉಪ್ಪು ತುಟಿಗೆ ತಾಕಬೇಕು, ಕಾಳು ಬಾಯಿಗೆ ಜಾರಬೇಕು. ಸಿಪ್ಪೆಯಲ್ಲಿ ವಿಷ ಏನಿಲ್ಲ, ಬರೀ ನಾರು. ನಾಲ್ಕಲ್ಲ, ಹತ್ತು ಸೀಟಿ ಹೊಡೆಸಿದರೂ ಬೇಯುವುದಿಲ್ಲ.

ಪ್ಯಾಕೆಟ್ ಕಾಯಿ ಸಾಮಾನ್ಯವಾಗಿ ಅರೆ ಬೆಂದೇ ಇರುತ್ತದೆ. ಕುದಿಸಿ, ತಣಿಸಿ, ಫ್ರೀಜ್ ಮಾಡಿರುತ್ತಾರೆ. ಆದರೂ ಕರಗಿಸಿ ಹಾಗೇ ತಿನ್ನಬೇಡಿ, ಇನ್ನೊಂದು ಸಲ ಕುದಿಸಿ. ದೊಡ್ಡ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಯಲು ಬಿಡಿ, ಎರಡು ದೊಡ್ಡ ಚಮಚ ಉಪ್ಪು ಹಾಕಿ. ನೀರು ಕೊತ ಕೊತ ಅಂದ ಮೇಲೆಯೇ ಕಾಯಿ ಹಾಕಿ. ನಾಲ್ಕೈದು ನಿಮಿಷ ಸಾಕು. ಒಂದು ಕಾಯಿ ತೆಗೆದು ಒತ್ತಿ ನೋಡಿ, ಕಾಳು ಚಂಗನೆ ಹಾರಿದರೆ ಆಯಿತು. ಜರಡಿಗೆ ಬಸಿಯಿರಿ. ತಣ್ಣೀರು ಮಾತ್ರ ಸುರಿಯಬೇಡಿ, ಉಪ್ಪೆಲ್ಲ ತೊಳೆದು ಹೋಗುತ್ತದೆ. ನಮ್ಮ ಪಕ್ಕದ ಮನೆಯ ಜಪಾನಿ ಅಜ್ಜಿ ಬೀಸಣಿಗೆಯಿಂದ ಗಾಳಿ ಹಾಕಿ ಆರಿಸುತ್ತಿದ್ದರು, ಬಣ್ಣ ಹಸಿರಾಗಿಯೇ ಉಳಿಯಲಿ ಅಂತ. ತಾಜಾ ಕಾಯಿಯಾದರೆ ಅವರು ಎರಡು ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಉಪ್ಪು ಹಾಕಿ ಕೈಯಲ್ಲಿ ಉಜ್ಜುತ್ತಿದ್ದರು. ಕಾಯಿ ಮೇಲಿನ ಜುಂಗು ಹೋಗುತ್ತದೆ, ಉಪ್ಪು ಒಳಗೂ ಇಳಿಯುತ್ತದೆ. ಈ ತುದಿ ಕತ್ತರಿಸುವ ಉಪಾಯವನ್ನು ನಾನು ಈಗ ತೊಗರಿಕಾಯಿಗೂ ಮಾಡುತ್ತೇನೆ, ಮಾಡಿ ನೋಡಿ.

ಒಂದು ಎಚ್ಚರಿಕೆ. ಇದು ಹಸಿ ಕಡಲೆ ತರ ಗಿಡದಿಂದ ಕಿತ್ತು ಬಾಯಿಗೆ ಹಾಕುವ ವಸ್ತು ಅಲ್ಲ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಒಂದು ಅಂಶ ಇದೆ, ಟ್ರಿಪ್ಸಿನ್ ಇನ್ಹಿಬಿಟರ್ ಅನ್ನುತ್ತಾರೆ. ಬೇಯಿಸಿದರೆ ಬಹುಪಾಲು ಸತ್ತು ಹೋಗುತ್ತದೆ. ಬೇಯಿಸದೆ ತಿಂದರೆ ಹೊಟ್ಟೆ ತೊಳಸುತ್ತದೆ.

ಇನ್ನು ನಿಮ್ಮ ಮಾತ್ರೆ ವಿಷಯ. ಇದು ನನ್ನದೇ ಕಥೆ.

ಜಪಾನಿನಿಂದ ಬಂದ ಮೇಲೆ ನನಗೂ ಥೈರಾಯ್ಡ್ ಶುರುವಾಯಿತು. ನನಗೂ 75. ಬೆಳಿಗ್ಗೆ ಆರಕ್ಕೆ ಮಾತ್ರೆ. ಆಗ ಯಾರೋ ತೂಕ ಇಳಿಯುತ್ತದೆ ಅಂದರು ಅಂತ ಆರೂ ಕಾಲಿಗೆ ಒಂದು ದೊಡ್ಡ ಲೋಟ ಸೋಯಾ ಹಾಲು ಕುಡಿಯಲು ಹಿಡಿದೆ. ಮೂರು ತಿಂಗಳಿಗೆ ಕೂದಲು ಉದುರುವುದು, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ಟಿಎಸ್‌ಎಚ್ ಮೂರರ ಹತ್ತಿರ ಇದ್ದದ್ದು ಒಂಬತ್ತು ದಾಟಿತ್ತು, ಥೈರಾಯ್ಡ್ ಹಾರ್ಮೋನ್ ಸಾಲದಾದರೆ ರಕ್ತ ಪರೀಕ್ಷೆಯಲ್ಲಿ ಏರುವ ಅಂಕಿ ಅದು. ಡಾಕ್ಟರು ಮಾತ್ರೆಯನ್ನು 100ಕ್ಕೆ ಏರಿಸಲು ಪೆನ್ ತೆಗೆದರು. ಬರೆಯುವ ಮೊದಲು, "ಮಾತ್ರೆ ಆದ ಮೇಲೆ ಏನು ಕುಡಿಯುತ್ತೀರಿ" ಅಂತ ಕೇಳಿದರು. ಹೇಳಿದೆ. ಪೆನ್ ಕೆಳಗಿಟ್ಟರು. ಡೋಸ್ ಹಾಗೇ ಇರಲಿ, ಸೋಯಾ ಹಾಲನ್ನು ಸಂಜೆಗೆ ತಳ್ಳಿ, ಎರಡು ತಿಂಗಳು ಬಿಟ್ಟು ರಕ್ತ ಕೊಡಿ ಅಂದರು. ಕೊಟ್ಟೆ, ಸರಿಯಾಗಿತ್ತು.

ಯಾಕೆ ಅಂತ ಕೇಳಿದಿರಲ್ಲ. ನಾನು ತಿಳಿದುಕೊಂಡದ್ದು ಇಷ್ಟು: ಸೋಯಾ ನಮ್ಮ ಗ್ರಂಥಿಯನ್ನು ಕೆಡಿಸಿದ್ದಲ್ಲ. ಕರುಳಿನಲ್ಲಿ ಆ ಮಾತ್ರೆಯನ್ನು ರಕ್ತಕ್ಕೆ ಇಳಿಯಲು ಬಿಡುವುದಿಲ್ಲ. ನುಂಗಿದ ಮಾತ್ರೆಯಲ್ಲಿ ಒಂದಿಷ್ಟು ಸುಮ್ನೆ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣದ ಗುಳಿಗೆ ಕೂಡ ಹೀಗೇ ಮಾಡುತ್ತವೆ. ಕಾಫಿ, ಚಹಾ ಕೂಡ ಮಾತ್ರೆ ಬೆನ್ನಿಗೇ ಬೇಡ. ಅದಕ್ಕೇ ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ. ಸೋಯಾ ತಿನ್ನುವವರು ನಾಲ್ಕು ಗಂಟೆ ಅಂತರ ಇಟ್ಟರೆ ನಿಶ್ಚಿಂತೆ. ನೀವು ಬೆಳಿಗ್ಗೆ ಮಾತ್ರೆ ನುಂಗುವವರು, ಎಡಮಾಮೆ ಸಂಜೆಗೆ ಇಟ್ಟುಕೊಳ್ಳಿ. ದಿನಾ ತಿನ್ನಲು ಶುರು ಮಾಡುವುದಾದರೆ ಮಾತ್ರ ಡಾಕ್ಟರಿಗೆ ಹೇಳಿ, ಒಂದು ಸಲ ಟಿಎಸ್‌ಎಚ್ ನೋಡಿಸಿ. ಒಂದು ಪ್ಯಾಕೆಟ್‌ಗೆ ಇಷ್ಟೆಲ್ಲ ಹೆದರಿಕೆ ಬೇಡ.

ಗಂಡಸರ ಎದೆ ವಿಷಯ: ಇದಕ್ಕೆ ಒಂದು ಸಣ್ಣ ಬೇರು ಇದೆ. ಸೋಯಾದಲ್ಲಿ ಐಸೋಫ್ಲೇವೋನ್ ಅಂತ ಇದೆ. ಅದರ ಆಕಾರ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಹಾಗೆ ಇರುತ್ತದೆ, ಆದರೆ ಬಲ ತೀರ ಕಡಿಮೆ. 2008ರಲ್ಲಿ ಅಮೆರಿಕದಲ್ಲಿ 60 ವರ್ಷದ ಒಬ್ಬರಿಗೆ ನಿಜವಾಗಿಯೂ ಎದೆ ಬೆಳೆದಿತ್ತು ಅಂತ ಡಾಕ್ಟರುಗಳು ಬರೆದಿದ್ದಾರೆ. ಆ ಪುಣ್ಯಾತ್ಮ ದಿನಕ್ಕೆ ಹತ್ತಿರ ಹತ್ತಿರ ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದ! ಬಿಟ್ಟ ಮೇಲೆ ಎದೆ ಮುಟ್ಟಿದರೆ ಆಗುತ್ತಿದ್ದ ನೋವು ಹೋಯಿತು, ಹಾರ್ಮೋನ್ ನಿಧಾನಕ್ಕೆ ಸರಿ ಹೋಯಿತು. ಮಾಮೂಲಾಗಿ ತಿನ್ನುವವರ ಲೆಕ್ಕ ಬೇರೆ. 2021ರಲ್ಲಿ 41 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಂಡಸರ ಹಾರ್ಮೋನ್ ಏರುಪೇರಾಗಿದ್ದು ಕಾಣಲಿಲ್ಲ. ಜಪಾನಿನಲ್ಲಿ ಮಕ್ಕಳೇ ಹುಟ್ಟುವುದಿಲ್ಲವಾ ಅಂತ ನಿಮ್ಮ ಮನೆಯವರನ್ನು ಕೇಳಿ. ಈಗ ಕಡಿಮೆ ಹುಟ್ಟುತ್ತಿದ್ದಾರೆ, ನಿಜ, ಆದರೆ ಅದಕ್ಕೆ ಕಾರಣ ಅಲ್ಲಿನ ಆಫೀಸುಗಳು. ನಾನು ಕಣ್ಣಾರೆ ನೋಡಿದ್ದೇನೆ, ರಾತ್ರಿ ಹತ್ತಕ್ಕೆ ಮನೆಗೆ ಬರುವವರಿಗೆ ಎಲ್ಲಿಯ ಸಂಸಾರ.

ನಾದಿನಿ ವಿಷಯ, ಅತ್ತೆ ಗುಳಿಗೆ ವಿಷಯ ನನಗೆ ಅನುಭವ ಇಲ್ಲ. ತಿಳಿದವರು ಹೇಳಲಿ.

ಗಂಗಾವತಿ ಅಕ್ಕ

ತಂಗಿ, ಇಷ್ಟು ಬರೆದದ್ದಕ್ಕೆ ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು. ಎಂಟು ವರ್ಷದಲ್ಲಿ ಯಾರೂ "ಮಾತ್ರೆ ಇಳಿಯಲು ಬಿಡುವುದಿಲ್ಲ" ಅಂತ ನನಗೆ ಬಿಡಿಸಿ ಹೇಳಿರಲಿಲ್ಲ. ನಾನು ಮಾತ್ರೆ ಆದ ಹತ್ತು ನಿಮಿಷಕ್ಕೆ ಚಹಾ ಕುಡಿಯುತ್ತೇನೆ. ಅದೂ ತಪ್ಪು ಅಂತಾಯಿತು.

ಇನ್ನೊಂದು ಕೇಳುತ್ತೇನೆ. ನಾವು ವಾರಕ್ಕೊಮ್ಮೆ ಪಲಾವ್‌ಗೆ ಮೀಲ್ ಮೇಕರ್ ಹಾಕುತ್ತೇವೆ. ಅದೂ ಸೋಯಾ ತಾನೇ? ಎರಡೂ ಒಂದೇನಾ?

ಬಳ್ಳಾರಿ ಡಯಟಿಷಿಯನ್

ಅಕ್ಕಾ, ಎರಡೂ ಒಂದೇ ಗಿಡದ್ದು, ಆದರೆ ಒಂದೇ ಅಲ್ಲ. ಒಣಗಿದ ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಉಬ್ಬಿಸಿದರೆ ಮೀಲ್ ಮೇಕರ್. ಒಣಗಿದ 100 ಗ್ರಾಂನಲ್ಲಿ 50 ಗ್ರಾಂ ಮೇಲೆ ಪ್ರೋಟೀನ್ ಇರುತ್ತದೆ, ಕೊಬ್ಬು ಹೆಸರಿಗೆ ಮಾತ್ರ. ಆದರೆ ಯಾರೂ 100 ಗ್ರಾಂ ಒಣದ್ದನ್ನು ತಿನ್ನುವುದಿಲ್ಲ, ನೆನೆದರೆ ಬುಟ್ಟಿ ತುಂಬುತ್ತದೆ. ಎಡಮಾಮೆ ಎಂದರೆ ಕಾಯಿ ಇನ್ನೂ ಹಸಿರಿರುವಾಗ ಕಿತ್ತದ್ದು. ಬೇಯಿಸಿದ 100 ಗ್ರಾಂ ಕಾಳಿನಲ್ಲಿ 11ರಿಂದ 12 ಗ್ರಾಂ ಪ್ರೋಟೀನ್, 5 ಗ್ರಾಂ ನಾರು, ಸುಮಾರು 120 ಕ್ಯಾಲೊರಿ. ಜೊತೆಗೆ ಫೋಲೇಟ್ ಚೆನ್ನಾಗಿದೆ.

ಒಂದು ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ 400 ಗ್ರಾಂನಲ್ಲಿ ಅರ್ಧ ಸಿಪ್ಪೆ. ಉಳಿಯುವ ಕಾಳು ಹೆಚ್ಚು ಕಡಿಮೆ 200 ಗ್ರಾಂ, ಅದರಲ್ಲಿ ಪ್ರೋಟೀನ್ 22-24 ಗ್ರಾಂ. ನಾಲ್ಕು ಮೊಟ್ಟೆಯಲ್ಲೂ ಅಷ್ಟೇ ಇದೆ. 100 ಗ್ರಾಂ ಶೇಂಗಾದಲ್ಲೂ ಅಷ್ಟೇ ಇದೆ, ಎಣ್ಣೆ ಮಾತ್ರ ಜಾಸ್ತಿ. ಮಗ ಪ್ರೀತಿಯಿಂದ ತಂದಿದ್ದಾನೆ, ತಿನ್ನಿ. ಪ್ರೋಟೀನ್‌ಗಾಗಿ ಅಂತ ಇದನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ನಾದಿನಿಯವರ ವಿಷಯ. ಮೊದಲು ಡಾಕ್ಟರುಗಳಿಗೇ ಈ ಭಯ ಇತ್ತು, ಈಸ್ಟ್ರೋಜನ್ ಹೋಲಿಕೆ ಕಾರಣಕ್ಕೆ. 2009ರಲ್ಲಿ ಚೀನಾದ ಶಾಂಘೈನಲ್ಲಿ ಸ್ತನದ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದ ಐದು ಸಾವಿರ ಮಹಿಳೆಯರನ್ನು ಗಮನಿಸಿದ ಅಧ್ಯಯನ ಬಂತು. ಸೋಯಾ ಆಹಾರ ಹೆಚ್ಚು ತಿನ್ನುತ್ತಿದ್ದವರಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಹೆಚ್ಚಲ್ಲ, ಕಡಿಮೆ. ಸೋಯಾದಿಂದಲೇ ಕಡಿಮೆಯಾಯಿತು ಅಂತ ಇದರಿಂದ ಹೇಳಲಾಗದು. ಕೆಡುಕು ಕಾಣಲಿಲ್ಲ ಅಂತ ಹೇಳಬಹುದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೂಡ ಈಗ ಸೋಯಾ ಆಹಾರ ತಿನ್ನಬಹುದು ಅನ್ನುತ್ತದೆ. ಆಹಾರ ಎಂಬ ಮಾತನ್ನು ಗಮನಿಸಿ. ಐಸೋಫ್ಲೇವೋನ್ ಗುಳಿಗೆ, ಪುಡಿ ಅಂತ ಮೆಡಿಕಲ್‌ನಲ್ಲಿ ಸಿಗುತ್ತದೆ, ಅದು ಬೇರೆ ಮಾತು. ಅದನ್ನು ಅವರು ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಅತ್ತೆಯವರದು ವಾರ್ಫರಿನ್ ಆದರೆ ವಿಟಮಿನ್ ಕೆ ನೋಡಬೇಕು, ಅದು ಆ ಗುಳಿಗೆಯ ಬಲ ಕುಗ್ಗಿಸುತ್ತದೆ. ಎಡಮಾಮೆಯಲ್ಲಿ ಸ್ವಲ್ಪ ಇದೆ, ಮೆಂತ್ಯ ಸೊಪ್ಪು, ಪಾಲಕ್‌ನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ. ಒಂದು ಹಿಡಿ ಕಾಳಿಗೆ ಏನೂ ಆಗುವುದಿಲ್ಲ. ಒಂದು ವಾರ ಸೊಪ್ಪೇ ಇಲ್ಲ, ಇನ್ನೊಂದು ವಾರ ಮೂರು ಹೊತ್ತೂ ಸೊಪ್ಪು, ಹೀಗೆ ಏರಿಳಿಸಿದರೆ ಮಾತ್ರ ತೊಂದರೆ. ಅದೇ ಸೋಯಾವನ್ನು ಹುಳಿ ಬರಿಸಿ ಮಾಡುವ ನಾಟೊ ಎಂಬ ಜಪಾನಿ ತಿನಿಸು ಇದೆ, ಅದರಲ್ಲಿ ವಿಟಮಿನ್ ಕೆ ವಿಪರೀತ. ಗಂಗಾವತಿಯಲ್ಲಿ ಅದು ನಿಮ್ಮ ಕೈಗೆ ಸಿಗುವ ಭಯ ಇಲ್ಲ. ಅಸೆನೋಕೌಮರಾಲ್ ಕೂಡ ವಾರ್ಫರಿನ್ ಜಾತಿಯದೇ, ಆ ಜಾತಿಯದಲ್ಲದ ಗುಳಿಗೆಯಾದರೆ ಈ ಲೆಕ್ಕವೇ ಬೇಡ, ಆದರೂ ಚೀಟಿ ನೋಡಿ ಹೆಸರು ಖಚಿತ ಮಾಡಿಕೊಳ್ಳಿ.

ತೋರಣಗಲ್ಲು ಮೇಡಂ ಬರೆದದ್ದು ಸರಿಯಿದೆ. ಒಂದು ಸೇರಿಸಬೇಕು, ಉಪ್ಪು. ಸೋಯಾ ಗ್ರಂಥಿಗೆ ತೊಂದರೆ ಕೊಡುವ ಪ್ರಶ್ನೆ ಬರುವುದೇ ಮೈಯಲ್ಲಿ ಅಯೋಡಿನ್ ಕಡಿಮೆ ಇದ್ದಾಗ. ಈಗ ನಮ್ಮ ಊರಲ್ಲಿ ಅರ್ಧ ಜನ ಬಿ.ಪಿ.ಗೆ ಒಳ್ಳೆಯದು ಅಂತ ಸೈಂಧವ ಲವಣಕ್ಕೆ ಬದಲಾಗಿದ್ದಾರೆ. ನನ್ನ ಹತ್ತಿರ ಬರುವವರಲ್ಲಿ ದಿನಾ ಒಬ್ಬರಾದರೂ ಇರುತ್ತಾರೆ. ಅದರಲ್ಲೂ ಸೋಡಿಯಂ ಅಷ್ಟೇ ಇದೆ, ಅಯೋಡಿನ್ ಮಾತ್ರ ಸೇರಿಸಿರುವುದಿಲ್ಲ. ಥೈರಾಯ್ಡ್ ಇಟ್ಟುಕೊಂಡು ಸೋಯಾಗೆ ಹೆದರಿ, ಅಯೋಡಿನ್ ಇಲ್ಲದ ಉಪ್ಪು ತಿನ್ನುವುದು ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಕಿಡ್ನಿ ತೊಂದರೆ ಇದ್ದವರು ಪೊಟ್ಯಾಸಿಯಂ ಕಾರಣಕ್ಕೆ ಕೇಳಿ ತಿನ್ನಬೇಕು. ಸಣ್ಣ ಮಕ್ಕಳಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕಬಹುದು, ಹಿಸುಕಿ ಕೊಡಿ. ಸೋಯಾ ಅಲರ್ಜಿ ಇರುವವರು ಮುಟ್ಟಲೇಬಾರದು.

ಸಿಂಧನೂರು ಹುಡುಗ

ಮೇಡಂ, ನಮ್ಮ ಜಿಮ್‌ನಲ್ಲಿ ಸೋಯಾ ತಿಂದರೆ ಹಾರ್ಟ್‌ಗೆ ಒಳ್ಳೆಯದು, ಅಮೆರಿಕ ಸರ್ಕಾರವೇ ಹೇಳಿದೆ ಅಂತ ಗೋಡೆಗೆ ಅಂಟಿಸಿದ್ದಾರೆ. ಅದೂ ಸುಳ್ಳಾ?

ಬಳ್ಳಾರಿ ಡಯಟಿಷಿಯನ್

ಅರ್ಧ ನಿಜ ತಮ್ಮ, ಹಳೆಯ ಪೋಸ್ಟರ್. 1999ರಲ್ಲಿ ಅಲ್ಲಿನ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಕೊಬ್ಬು ಕಡಿಮೆ ಇರುವ ಊಟದ ಜೊತೆ ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ತಿಂದರೆ ಹೃದಯ ರೋಗದ ಅಪಾಯ ಕಡಿಮೆಯಾಗಬಹುದು ಅಂತ ಪ್ಯಾಕೆಟ್ ಮೇಲೆ ಬರೆಯಲು ಒಪ್ಪಿತ್ತು. ಆಮೇಲಿನ ಅಧ್ಯಯನಗಳಲ್ಲಿ ಒಂದು ಹೌದು ಅಂದರೆ ಇನ್ನೊಂದು ಇಲ್ಲ ಅಂತು. 2017ರಲ್ಲಿ ಅದೇ ಎಫ್‌ಡಿಎ ಆ ಮಾತನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ ಮಾಡಿತು. ಮಿರ್ಚಿ ಭಜಿ ಬದಲು ತಿಂದರೆ ಹಾರ್ಟ್‌ಗೆ ಖಂಡಿತ ಒಳ್ಳೆಯದು. ಮಿರ್ಚಿ ಭಜಿ ಜೊತೆಗೆ ತಿಂದರೆ ನನ್ನನ್ನು ಕೇಳಬೇಡಿ.

ಯಲಬುರ್ಗಾ ಹೊಲದವ

ತಡವಾಗಿ ನೋಡಿದೆ. ನಾನು ಎರಿ ಹೊಲದ ರೈತ. ತೊಗರಿ, ಕಡಲೆ, ಜೋಳ ನಮ್ಮ ಬೆಳೆ. ಸೋಯಾ ನಮ್ಮ ಕಡೆ ಕಡಿಮೆ, ನಮ್ಮ ರಾಜ್ಯದಲ್ಲಿ ಅದಕ್ಕೆ ಬೀದರ್ ಹೆಸರುವಾಸಿ. ಮೂರು ವರ್ಷದ ಹಿಂದೆ ಬೀದರ್‌ನ ಬೀಗರಿಂದ ಜೆಎಸ್ 335 ಬೀಜ ತಂದು ಜೂನ್ ಮಳೆಗೆ ಅರ್ಧ ಎಕರೆ ಹಾಕಿದ್ದೆ. ಕಾಯಿ ಹಸಿರಿದ್ದಾಗ ಒಂದು ಬುಟ್ಟಿ ಕಿತ್ತು ಕುದಿಸಿ ತಿಂದೆವು. ಆಗ ಎಡಮಾಮೆ ಅಂತ ಹೆಸರು ಗೊತ್ತಿರಲಿಲ್ಲ. ತಿನ್ನಬಹುದು, ಆದರೆ ಕಾಳು ಸಣ್ಣ, ಸ್ವಲ್ಪ ಹಸಿ ವಾಸನೆ. ಅದು ಎಣ್ಣೆಗೆ, ಒಣ ಕಾಳಿಗೆ ಮಾಡಿದ ತಳಿ. ಕಾಯಿಪಲ್ಯೆಗೆ ಅಂತ ದಪ್ಪ ಕಾಳಿನ, ಸಿಹಿ ಇರುವ ಬೇರೆ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕರುಣೆ ಎಂಬ ತಳಿ ಅಂಥದ್ದು.

ಕೀಳುವ ಹದ ಮುಖ್ಯ. ಕಾಯಿಯಲ್ಲಿ ಕಾಳು ತುಂಬಿರಬೇಕು, ಬಣ್ಣ ಇನ್ನೂ ಕಡು ಹಸಿರಿರಬೇಕು. ಒಂದು ವಾರ ತಡ ಮಾಡಿದರೆ ಹಳದಿ ತಿರುಗಿ ಗಟ್ಟಿಯಾಗುತ್ತದೆ. ಸೀತನಿ ಜೋಳದ ಹಾಗೇ, ಹಾಲುಗಾಳು ಹದ ತಪ್ಪಿದರೆ ಮಜಾ ಇಲ್ಲ. ಕಿತ್ತ ದಿನವೇ ಕುದಿಸಬೇಕು, ಮರುದಿನಕ್ಕೆ ಸಿಹಿ ಇಳಿದಿರುತ್ತದೆ.

ಒಂದು ಮಾತು ಯಾರೂ ಹೇಳಲಿಲ್ಲ. ಯಾರದೋ ಸೋಯಾ ಹೊಲ ಕಂಡಿತು ಅಂತ ಕಾಯಿ ಕಿತ್ತು ತರಬೇಡಿ. ಒಣ ಕಾಳಿಗೆ ಬೆಳೆದವರು ಹುಳಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದಿರುತ್ತಾರೆ. ಕೊಯ್ಲಿಗೆ ಇನ್ನೂ ತಿಂಗಳಿದೆ ಅಂತ ಲೆಕ್ಕ ಹಾಕಿ ಹೊಡೆದದ್ದು ಅದು, ನಾಳೆ ಕಿತ್ತು ತಿನ್ನಲು ಅಲ್ಲ. ತೊಗರಿಕಾಯಿಗೂ ಇದೇ ಮಾತು ಹೇಳುತ್ತೇನೆ. ಎಷ್ಟೋ ಜನ ಬಸ್ಸಿಳಿದು ರಸ್ತೆ ಬದಿ ಹೊಲದಲ್ಲಿ ಕಿತ್ತು ತಿನ್ನುತ್ತಾರೆ. ಬೈದರೆ ನಮ್ಮನ್ನೇ ಜಿಪುಣ ಅನ್ನುತ್ತಾರೆ. ನಾವು ಬೈಯುವುದು ಹಿಡಿ ಕಾಯಿಗಲ್ಲರೀ.

ತೋರಣಗಲ್ಲು ಟಿಫಿನ್ ಡಬ್ಬಿ

ಅಣ್ಣಾರೆ, ನೀವು ಹೇಳಿದ್ದು ಕೇಳಿ ಒಂದು ನೆನಪಾಯಿತು. ಜಪಾನಿನಲ್ಲಿ ಹಿಂದೆ ಸೋಯಾವನ್ನು ಭತ್ತದ ಗದ್ದೆಯ ಬದುವಿನ ಮೇಲೆ ಹಾಕುತ್ತಿದ್ದರಂತೆ. ಬದುವಿನ ಕಾಳು ಅಂತಲೇ ಅದಕ್ಕೆ ಹೆಸರಿದೆ, ಅಜೆಮಾಮೆ. ಆ ಪಕ್ಕದ ಮನೆ ಅಜ್ಜಿ ತವರು ಹಳ್ಳಿಯಲ್ಲಿ ಹಾಗೆ ಹಾಕುತ್ತಿದ್ದರು. ಗಂಗಾವತಿ ಅಕ್ಕನ ಕಡೆ ಎಡದಂಡೆ ಕಾಲುವೆ ನೀರು, ಎಲ್ಲಿ ನೋಡಿದರೂ ಭತ್ತ. ಬದು ಖಾಲಿ ಇದ್ದರೆ ಒಂದು ಸಾಲು ಹಾಕಿ ನೋಡಬಹುದಲ್ಲ?

ಯಲಬುರ್ಗಾ ಹೊಲದವ

ಹಾಕಬಹುದು ತಂಗಿ. ಬದು ಎತ್ತರ ಇರಬೇಕು, ಬೇರಲ್ಲಿ ನೀರು ನಿಂತರೆ ಗಿಡ ಹಳದಿಯಾಗುತ್ತದೆ. ಮತ್ತೆ ಕಿರಾಣಿ ಅಂಗಡಿ ಸೋಯಾ ಕಾಳನ್ನು ಬಿತ್ತಬೇಡಿ. ಸೋಯಾ ಬೀಜದ ಜೀವ ಬಹಳ ಸೂಕ್ಷ್ಮ. ಚೀಲ ಎತ್ತಿ ಎಸೆದರೂ ಒಳಗೆ ಪೆಟ್ಟಾಗುತ್ತದೆ, ವರ್ಷ ದಾಟಿದರೆ ಅರ್ಧ ಮೊಳಕೆಯೂ ಬರುವುದಿಲ್ಲ. ನಾನು ಎರಡನೇ ವರ್ಷ ಮನೆಯಲ್ಲಿ ಉಳಿಸಿದ ಬೀಜ ಹಾಕಿ ಕೈ ಸುಟ್ಟುಕೊಂಡೆ. ಹತ್ತು ಹಾಕಿದರೆ ಮೂರು ಹುಟ್ಟಿದವು. ಆಮೇಲೆ ಆ ಸಹವಾಸ ಬಿಟ್ಟು ತೊಗರಿಗೆ ಬಂದೆ.

ಗಂಗಾವತಿ ಅಕ್ಕ

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ನಿನ್ನೆ ನಾದಿನಿ ಬಂದಳು. ಮೊದಲೇ ಅವಳ ಡಾಕ್ಟರಿಗೆ ಫೋನ್ ಮಾಡಿಸಿದೆ, ಊಟದ ಹಾಗೆ ತಿನ್ನಲಿ, ತೊಂದರೆ ಇಲ್ಲ ಅಂದರಂತೆ. ಅತ್ತೆಯ ಚೀಟಿ ತೆಗೆದು ನೋಡಿದೆ, ವಾರ್ಫರಿನ್ ಅಲ್ಲ, ಆ ಜಾತಿಯದೂ ಅಲ್ಲ, ಬೇರೆ. ಸಂಜೆ ಐದಕ್ಕೆ ನೀರು ಕುದಿಸಲು ಇಟ್ಟೆ. ಕರೆಂಟ್ ಹೋಯಿತು, ನಮ್ಮೂರಿನ ಪದ್ಧತಿ. ಫ್ರೀಜರ್‌ನಲ್ಲಿ ಬಿಟ್ಟರೆ ಕರಗುತ್ತದೆ ಅಂತ ಪೂರ್ತಿ ಪ್ಯಾಕೆಟ್ ಸುರಿದೆ. ಐದು ನಿಮಿಷ, ಬಸಿದೆ, ತಣ್ಣೀರು ಹಾಕಲಿಲ್ಲ. ಬೀಸಣಿಗೆ ಇರಲಿಲ್ಲ, ಕ್ಯಾಲೆಂಡರ್ ಹಿಡಿದು ಗಾಳಿ ಹಾಕಿದೆ.

ಪಕ್ಕದಲ್ಲೇ ಇನ್ನೊಂದು ತಾಟಿನಲ್ಲಿ ತೊಗರಿಕಾಯಿ ಕುದಿಸಿ ಇಟ್ಟಿದ್ದೆ, ತುದಿ ಕತ್ತರಿಸಿ. ಅತ್ತೆ ಎಡಮಾಮೆಯ ತಾಟನ್ನು ದೂರ ತಳ್ಳಿದರು. ಮೊದಲ ಅನುಭವ ಇತ್ತಲ್ಲ. ನಾನು ನಾಲ್ಕು ಕಾಯಿ ಒತ್ತಿ ಕಾಳು ಬಿಡಿಸಿ ಅವರ ಅಂಗೈಗೆ ಹಾಕಿದೆ. ಬಾಯಿಗೆ ಹಾಕಿಕೊಂಡು, "ಬೆಣ್ಣಿ ಆಗ್ಯಾವ" ಅಂದರು. ಹಲ್ಲು ಕಡಿಮೆ ಇರುವ ಅವರಿಗೆ ತೊಗರಿಗಿಂತ ಇದೇ ಹಿಡಿಸಿತು. ನನಗೆ ಕೇಳಿದರೆ ರುಚಿ ತೊಗರಿಕಾಯಿಯದೇ, ಆ ಸಣ್ಣ ಒಗರು ಇದರಲ್ಲಿ ಇಲ್ಲ. ಇದು ಸ್ವಲ್ಪ ಸಿಹಿ, ಎಳೆ ಶೇಂಗಾ ಮತ್ತು ಬಟಾಣಿ ನಡುವೆ ಇದೆ. ನಾದಿನಿ ಎರಡೂ ತಾಟು ಖಾಲಿ ಮಾಡಿದಳು.

ಮೊದಲೇ ತೆಗೆದಿಟ್ಟಿದ್ದ ಒಂದು ಹಿಡಿ ಕಾಳಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಜಜ್ಜಿ ಹಾಕಿ, ಒಂದು ಚಮಚ ಗುರೆಳ್ಳು ಪುಡಿ ಉದುರಿಸಿ ಉಸುಳಿ ಮಾಡಿದೆ. ಬಿಸಿ ರೊಟ್ಟಿಗೆ ಚೆನ್ನಾಗಿತ್ತು. ಜಪಾನಿನ ಅಜ್ಜಿ ಏನಂದಾರೋ ಗೊತ್ತಿಲ್ಲ.

ನಮ್ಮ ಮನೆಯವರು ದೂರ ಕುಳಿತು ಪೇಪರ್ ಓದುತ್ತಿದ್ದರು. 41 ಪ್ರಯೋಗದ ಮಾತು ಹೇಳಿದೆ, ಮೂರು ಲೀಟರ್ ಕುಡಿದವನ ಕಥೆಯನ್ನೂ ಹೇಳಿದೆ. "ಹಂಗಾದರ ಎರಡ ಕಾಯಿ ಕೊಡು" ಅಂದರು. ಅಷ್ಟೊತ್ತಿಗೆ ತಾಟಿನಲ್ಲಿ ಸಿಪ್ಪೆ ಮಾತ್ರ ಇತ್ತು.

ಸಿಪ್ಪೆ ಎಮ್ಮೆಗೇ ಹಾಕಿದೆ. ಸಿಂಧನೂರು ತಮ್ಮ, ಹಾಲು ಅಷ್ಟೇ ಇದೆ. ಯಲಬುರ್ಗಾ ಅಣ್ಣಾರೆ, ಆ ಕರುಣೆ ಬೀಜ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಡೆ ವಿಚಾರಿಸಿದರೆ ಸಿಗಬಹುದಾ? ಜೂನ್‌ಗೆ ಇನ್ನೂ ಟೈಮ್ ಇದೆ, ನಮ್ಮ ಬದು ಎತ್ತರವೇ ಇದೆ.